ಕೈಯಲ್ಲಿ ಕಳಿಸಿದ ಸಿನಿಮಾ

ನನ್ನ ಭಾವನನ್ನು ನಾನು ನೋಡಿದವಳಲ್ಲ. ನಾನು ಮದುವೆಯಾಗಿ ಆ ಮನೆಗೆ ಬರುವ ಹೊತ್ತಿಗೆ ಅವರ ಸುದ್ದಿ ನಿಂತು ಹದಿನೆಂಟು ವರ್ಷ ಕಳೆದಿತ್ತು. ನಮ್ಮವರಿಗೆ ಇದ್ದದ್ದು ಅವರೊಬ್ಬರೇ ಅಣ್ಣ. ಇಬ್ಬರೂ ಬೊಂಬಾಯಿಯ ಚಾಳಿನಲ್ಲಿ ಬೆಳೆದವರು. ಮಾವ ಅಲ್ಲಿ ಒಂದು ಮಿಲ್ಲಿನ ಕ್ಯಾಂಟೀನು ನಡೆಸುತ್ತಿದ್ದರು. ಭಾವ ಹದಿನೆಂಟಕ್ಕೆ ಹಡಗಿನ ಅಡುಗೆಮನೆ ಸೇರಿದರು. ಆಗ ನಮ್ಮವರಿಗೆ ಎಂಟು ವರ್ಷ.

ಎರಡು ವರ್ಷದ ಮೇಲೆ ಭಾವ ಲಂಡನ್ನಿನಲ್ಲಿ ಹಡಗಿನಿಂದ ಇಳಿದವರು ಮತ್ತೆ ಹತ್ತಲಿಲ್ಲ. ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆಯಲು ನಿಂತರು. ಅಲ್ಲಿಂದ ಬಂದ ಕೊನೆಯ ಕಾಗದದಲ್ಲಿ ಇದ್ದದ್ದು ಒಂದು ಸಿನಿಮಾದ ವಿಷಯ. ಆ ದೇಶದ ದೊಡ್ಡ ದೊಡ್ಡ ಬ್ಯಾಂಡಿನವರೆಲ್ಲ ಒಂದೇ ಕಡೆ ಸೇರಿ ಹಾಡಿದರಂತೆ, ಅದನ್ನು ಸಿನಿಮಾ ತೆಗೆದರಂತೆ, ಕೂತು ನೋಡಲು ಜನ ಬೇಕೆಂದು ಭಾವನನ್ನೂ ಕೂರಿಸಿದರಂತೆ. ಎಲ್ಲರಿಗೂ ಬಣ್ಣದ ಶಾಲು, ಟೋಪಿ ಕೊಟ್ಟಿದ್ದರಂತೆ. ಸಿನಿಮಾ ಬೊಂಬಾಯಿಗೆ ಬಂದಾಗ ತಮ್ಮನನ್ನು ಕರೆದುಕೊಂಡು ಹೋಗಿ, ನಾನು ಮುಂದೆಯೇ ಕೂತಿದ್ದೇನೆ, ತೋರಿಸಿ ಎಂದು ಅಪ್ಪನಿಗೆ ಬರೆದಿದ್ದರು. ಆಮೇಲೆ ಕಾಗದವೂ ಇಲ್ಲ, ಮನುಷ್ಯನೂ ಇಲ್ಲ.

ಸಿನಿಮಾ ಕೂಡ ಬರಲಿಲ್ಲ. ತೆಗೆದವರಿಗೇ ಅದು ಮನಸ್ಸಿಗೆ ಬಾರದೆ ಡಬ್ಬಿಯಲ್ಲಿ ಹಾಕಿಟ್ಟರೆಂದು ನಮಗೆ ಗೊತ್ತಾದದ್ದು ಎಷ್ಟೋ ಕಾಲದ ನಂತರ. ಅತ್ತೆ ಪ್ರತಿ ಶುಕ್ರವಾರ ಇಂಗ್ಲಿಷ್ ಸಿನಿಮಾ ಟಾಕೀಸಿನವರೆಗೆ ನಡೆದು ಹೋಗಿ ಗೇಟಿನವನನ್ನು ಕೇಳುತ್ತಿದ್ದರಂತೆ, ‘ಹಾಡಿನದ್ದು ಬಂತಾ?’ ಎಂದು. ಮನೆಯಲ್ಲಿ ಭಾವನ ಫೋಟೋ ಒಂದೇ ಒಂದಿತ್ತು. ಮಗನನ್ನು ಹುಡುಕಿಸಿ ಕೊಡಿ ಎಂದು ಸರಕಾರಕ್ಕೆ ಅರ್ಜಿ ಕೊಡುವಾಗ ಮಾವ ಅದನ್ನೇ ಅಂಟಿಸಿ ಕೊಟ್ಟರು. ಅದು ತಿರುಗಿ ಬರಲಿಲ್ಲ. ಇನ್ನೊಂದು ಪ್ರತಿ ತೆಗೆಸಿ ಇಟ್ಟುಕೊಳ್ಳಬೇಕೆಂಬ ಬುದ್ಧಿ ಆ ಮನೆಯಲ್ಲಿ ಒಬ್ಬರಿಗೂ ಇರಲಿಲ್ಲವೇ ಎಂದು ನಾನು ಎಷ್ಟು ಸಲ ಸಿಡುಕಿದ್ದೇನೋ. ಮಾವ ಹೋದರು, ಅತ್ತೆ ಹೋದರು, ಚಾಳನ್ನೇ ಕೆಡವಿದರು. ಭಾವನ ಮುಖ ಕಂಡವರು ಅಂತ ಉಳಿದದ್ದು ನಮ್ಮವರು ಒಬ್ಬರೇ.

ನಾನು ಹೇಳುತ್ತಿರುವುದು ಎರಡು ಸಾವಿರದ ಐದರ ಮಾತು. ನಾವು ಆಗ ಗಲ್ಫಿನಲ್ಲಿ, ದೋಹಾದಿಂದಾಚೆಯ ಅಲ್ ಖೋರ್‌ನಲ್ಲಿದ್ದೆವು. ಇವರು ರಾಸ್ ಲಫ್ಫಾನ್‌ನಲ್ಲಿ ಒಂದು ಕಂಪೆನಿಯ ಸ್ಟೋರ್‌ಕೀಪರ್. ಬೆಳಿಗ್ಗೆ ಐದಕ್ಕೆ ಕಂಪೆನಿ ಬಸ್ಸು. ಸಕ್ಕರೆ ಕಾಯಿಲೆ ಊರಿನಿಂದಲೇ ತಂದದ್ದು. ಅದು ಎಡಗಣ್ಣನ್ನು ಮೊದಲೇ ತಿಂದಿತ್ತು. ಬಲಗಣ್ಣಿಗೆ ಎರಡು ಸಲ ಲೇಸರ್ ಆಗಿತ್ತು. ಇದು ಎಷ್ಟು ದಿನ ನಿಲ್ಲುತ್ತದೆ ಎಂದು ಹೇಳಲು ಬರುವುದಿಲ್ಲ ಎಂದು ಡಾಕ್ಟರು ಮುಖಕ್ಕೆ ಮುಖ ಕೊಟ್ಟು ಹೇಳಿದ್ದರು. ಇವರು ಹೊರಗೆ ಬಂದು, ‘ಡಾಕ್ಟರಿಗೇ ಗೊತ್ತಿಲ್ಲ ಅಂದ್ಮೇಲೆ ನಾವು ಯಾಕೆ ತಲೆ ಬಿಸಿ ಮಾಡೂದು?’ ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಮೇ ತಿಂಗಳಲ್ಲಿ ಮಗಳು ಶಾಲೆಯ ಏನೋ ಕೆಲಸಕ್ಕೆಂದು ಕಂಪ್ಯೂಟರಿನ ಮುಂದೆ ಕೂತವಳು ಅಪ್ಪನನ್ನು ಕೂಗಿ ಕರೆದಳು. ದೊಡ್ಡಪ್ಪನ ಕಥೆ ಅವಳಿಗೆ ಬಾಯಿಪಾಠ. ಆ ವರ್ಷ, ಆ ಊರು, ಎಲ್ಲ ಹಾಕಿ ಹುಡುಕಿದ್ದಳು. ಅಷ್ಟು ಕಾಲ ಡಬ್ಬಿಯಲ್ಲಿದ್ದ ಸಿನಿಮಾ ಈಗ ಡಿವಿಡಿಯಾಗಿ ಬಂದಿದೆ! ಶಾಲು, ಟೋಪಿ ಎಲ್ಲ ಕಾಗದದಲ್ಲಿದ್ದ ಹಾಗೆಯೇ. ಇವರು ಭೂತಗನ್ನಡಿ ಹಿಡಿದು ಪರದೆಯ ಮೇಲಿನ ಅಂಗೈಯಗಲದ ಚಿತ್ರವನ್ನು ತುಂಬ ಹೊತ್ತು ನೋಡಿದರು. ಅದರಲ್ಲಿ ಹಾಡುವವರು ಮಾತ್ರ ಇದ್ದರು.

‘ನನಗೆ ಬೇರೆ ಎಂಥದೂ ಬೇಡ ಮಾರಾಯ್ತಿ,’ ಎಂದರು ನನ್ನ ಹತ್ತಿರ. ‘ಈ ಕಣ್ಣು ಹೋಗೂದರ ಒಳಗೆ ಅವನನ್ನು ಒಮ್ಮೆ ನೋಡ್ಬೇಕು.’

ಮದುವೆಯಾದಂದಿನಿಂದ ಇವರು ನನ್ನಲ್ಲಿ ಬಾಯಿಬಿಟ್ಟು ಕೇಳಿದ್ದು ಅದೊಂದೇ.

ದೋಹಾದ ಅಂಗಡಿಗಳಲ್ಲಿ ಕೇಳಿದೆವು. ಅಂಗಡಿಯ ಮಲಯಾಳಿ ಹುಡುಕಿದಂತೆ ಮಾಡಿ, ‘ಮಾಫಿ ಚೇಚೀ’ ಎಂದ, ಇಲ್ಲ ಅಕ್ಕಾ ಎಂದು. ಇಂಟರ್ನೆಟ್ಟಿನಲ್ಲಿ ಪೂರಾ ಸಿನಿಮಾ ನೋಡುವ ಕಾಲ ಅದಲ್ಲ. ನನ್ನ ತಂಗಿ ಲಂಡನ್ನಿನಲ್ಲಿ ನರ್ಸು. ಅವಳಿಗೆ ಫೋನು ಮಾಡಿದೆ. ಅವಳು ಮೂರೇ ದಿನದಲ್ಲಿ ತಂದಿಟ್ಟುಕೊಂಡು, ‘ಅಕ್ಕಾ, ನಾಳೆಯೇ ಪೋಸ್ಟಿಗೆ ಹಾಕ್ತೇನೆ, ವಾರದಲ್ಲಿ ಬರ್ತದೆ’ ಎಂದಳು.

ಬೇಡ ಎಂದವಳು ನಾನು.

ಗಲ್ಫಿನಲ್ಲಿರುವ ನಮ್ಮ ಜನರಿಗೆ ಒಂದು ಚಾಳಿ ಉಂಟು. ಬೇಕಾದ ಯಾವ ಸಾಮಾನನ್ನೂ ಪೋಸ್ಟಿನವರಿಗೆ ನಂಬಿ ಕೊಡುವುದಿಲ್ಲ. ಊರಿನಿಂದ ಬರುವವರ ಕೈಯಲ್ಲಿ, ಊರಿಗೆ ಹೋಗುವವರ ಕೈಯಲ್ಲಿ ಕಳಿಸುವುದು. ಔಷಧಿ, ಉಪ್ಪಿನಕಾಯಿ, ಮಗುವಿನ ಬೆಳ್ಳಿ ಕಾಲ್ಗೆಜ್ಜೆ, ಕೋರ್ಟಿನ ಕಾಗದ, ಎಲ್ಲವೂ ಯಾರದೋ ಪೆಟ್ಟಿಗೆಯಲ್ಲಿ ಬಟ್ಟೆಯ ನಡುವೆ ಕೂತು ಸಮುದ್ರ ದಾಟುತ್ತಿತ್ತು. ಅದರ ಮೇಲೆ, ಪೋಸ್ಟಿನಲ್ಲಿ ಸಿ.ಡಿ. ಬಂದರೆ ಅಧಿಕಾರಿಗಳು ಕಟ್ಟು ಒಡೆದು, ಹೊಲಸು ಚಿತ್ರವೋ ಎಂದು ಕೂತು ನೋಡುತ್ತಾರೆ, ತಿಂಗಳುಗಟ್ಟಲೆ ಇಟ್ಟುಕೊಳ್ಳುತ್ತಾರೆ ಎಂದು ಹೆಂಗಸರ ನಡುವೆ ಮಾತಿತ್ತು. ಯಾರದು ಹಾಗೆ ಹೋಯಿತು ಎಂದು ಕೇಳಿದರೆ ಹೇಳುವವರಿಲ್ಲ. ಆದರೂ ನಾನು ನಂಬಿದ್ದೆ, ನಾಲ್ಕು ಜನರಿಗೆ ಹೇಳಿಯೂ ಇದ್ದೆ.

‘ಪೋಸ್ಟಿಗೆ ಹಾಕ್ಲಿಕ್ಕೆ ಹೋಗ್ಬೇಡ ಮಾರಾಯ್ತಿ,’ ಎಂದೆ ತಂಗಿಗೆ. ‘ಒಮ್ಮೆ ಅವರ ಕೈಗೆ ಸಿಕ್ಕಿದ್ರೆ ಖಲಾಸ್. ಜುಲೈಯಲ್ಲಿ ನೀನು ಊರಿಗೆ ಹೋಗ್ತೀಯಲ್ಲ, ಅಮ್ಮನ ಹತ್ರ ಕೊಡು. ಅಲ್ಲಿಂದ ಯಾರಾದ್ರೂ ಬರುವವರ ಕೈಯಲ್ಲಿ ತರಿಸ್ತೇನೆ.’

‘ಭಾವನ ಕಣ್ಣು ಹೇಗುಂಟು?’ ಎಂದಳು. ಅವಳಿಗೆ ಭಾವ ಎಂದರೆ ಇವರು.

‘ಕಣ್ಣಿಗೆ ಎಂಥ ಆಗೂದಿಲ್ಲ, ನೀನು ಸುಮ್ನಿರು,’ ಎಂದು ಅವಳನ್ನೇ ಗದರಿಸಿದೆ.

ತಂಗಿ ಜುಲೈಯಲ್ಲಿ ಮಂಗಳೂರಿಗೆ ಹೋಗಿ ಅಮ್ಮನ ಕೈಗೆ ಕೊಟ್ಟಳು. ಆಗಸ್ಟಿನಲ್ಲಿ ನನ್ನ ತವರಿನ ನೆರೆಮನೆಯ ಒಬ್ಬಾತ ರಜೆ ಮುಗಿಸಿ ದೋಹಾಕ್ಕೆ ಹೊರಟ. ಅಮ್ಮ ಹಪ್ಪಳ, ಮಾವಿನ ಮಿಡಿ, ಸಿನಿಮಾ ಮೂರನ್ನೂ ಒಂದು ಕಟ್ಟು ಕಟ್ಟಿ ಕೊಟ್ಟರು. ಬಂದ ವಾರವೇ ಶುಕ್ರವಾರ ಆತ ಅಷ್ಟು ದೂರ ಅಲ್ ಖೋರ್‌ಗೆ ಬಂದ. ನಾನು ಕೋಳಿ ಸಾರು, ಕೋರಿ ರೊಟ್ಟಿ ಮಾಡಿದ್ದೆ. ಇವರು ಬೆಳಿಗ್ಗೆಯೇ ಸ್ನಾನ ಮಾಡಿ ಒಳ್ಳೆಯ ಅಂಗಿ ಹಾಕಿ ಕೂತಿದ್ದರು. ಆತ ಎರಡನೇ ಸಲ ಸಾರು ಹಾಕಿಸಿಕೊಂಡು ಹೇಳಿದ:

‘ಅಕ್ಕಾ, ತಪ್ಪು ತಿಳ್ಕೊಳ್ಬೇಡಿ. ಹಪ್ಪಳ, ಉಪ್ಪಿನಕಾಯಿ ಎಲ್ಲ ತಂದಿದ್ದೇನೆ. ಆ ಸಿ.ಡಿ. ಒಂದು ಅಮ್ಮನಿಗೆ ವಾಪಸ್ ಕೊಟ್ಟೆ. ಏರ್‌ಪೋರ್ಟಿನಲ್ಲಿ ಹಿಡಿದು ಕೇಳಿದ್ರೆ ನಾನು ಎಂಥ ಹೇಳೂದು? ಎಲ್ಲರೂ ಹೇಳ್ತಾರಲ್ಲ, ಸಿ.ಡಿ. ತರಬಾರದು ಅಂತ.’

ಎಲ್ಲರೂ ಅಂದರೆ ನಾನೂ ಸೇರಿ. ಅದು ಹೊಳೆದರೂ ನಾನು ಬಾಯಿಗೆ ಬಂದಂತೆ ಬೈದೆ. ಹಪ್ಪಳ ತಿನ್ನಲಿಕ್ಕೆ ನಾವು ಇಲ್ಲಿ ಕಾಯುತ್ತಾ ಕೂತಿದ್ದೇವಾ ಎಂದೆ. ಆ ಮನುಷ್ಯ ಎದ್ದು ಕೈ ತೊಳೆದುಕೊಂಡು, ತಲೆ ತಗ್ಗಿಸಿ ಚಪ್ಪಲಿ ಹಾಕಿಕೊಂಡ. ಇವರೇ ಕೆಳಗಿನವರೆಗೆ ಹೋಗಿ ಬಿಟ್ಟು ಬಂದರು. ‘ಬಿಡು ಮಾರಾಯ್ತಿ. ಅವ ಹೆದರಿದ ಅಷ್ಟೇ. ಇನ್ನೊಬ್ಬರು ಬರ್ತಾರೆ,’ ಎಂದರು.

ಆಗಲೂ ಅಮ್ಮನಿಗೆ ಫೋನು ಮಾಡಿ ಪೋಸ್ಟಿಗೆ ಹಾಕು ಎನ್ನಬಹುದಿತ್ತು. ನಾನು ಅನ್ನಲಿಲ್ಲ. ಇನ್ನೊಬ್ಬರಿಗೆ ಕಾದೆ.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ಒಂಬತ್ತು ಗಂಟೆಗೆ ಕಂಪೆನಿಯ ಕಾರು ಮನೆಯ ಮುಂದೆ ನಿಂತಿತು. ಸೂಪರ್‌ವೈಸರ್ ಇವರ ತೋಳು ಹಿಡಿದು ಇಳಿಸಿದ. ಸ್ಟೋರಿನಲ್ಲಿ ಯಾವುದೋ ವಾಲ್ವಿನ ನಂಬರು ಓದುತ್ತಿದ್ದರಂತೆ. ‘ಓದ್ತಾ ಇದ್ದ ಹಾಗೆ ಶಾಯಿ ಚೆಲ್ಲಿದ ಹಾಗಾಯ್ತು. ನಾನು ಮೊದ್ಲು ಚೀಟಿಯನ್ನೇ ಒರೆಸಿದೆ,’ ಎಂದರು. ಕಣ್ಣೊಳಗೆ ನರ ಒಡೆದು ನೆತ್ತರು ತುಂಬಿತ್ತು, ಹಿಂದಿನ ಪರದೆ ಕಿತ್ತು ಬಂದಿತ್ತು. ದೋಹಾದಲ್ಲಿ ಆಪರೇಷನ್ ಮಾಡಿದರು. ಕಟ್ಟು ಬಿಚ್ಚಿದ ಮೇಲೆ ಕಿಟಕಿ ಇರುವ ಕಡೆ ಬೆಳಕಿದೆ ಎಂದು ಗೊತ್ತಾಗುತ್ತಿತ್ತು. ಕಿಟಕಿ ಕಾಣುತ್ತಿರಲಿಲ್ಲ. ಇನ್ನು ಇಷ್ಟೇ ಎಂದರು ಡಾಕ್ಟರು. ಊರಿಗೆ ಹೊರಡಲು ಕಂಪೆನಿಯವರು ಡಿಸೆಂಬರಿನವರೆಗೆ ಸಮಯ ಕೊಟ್ಟರು. ಕಣ್ಣಿಲ್ಲದ ಸ್ಟೋರ್‌ಕೀಪರನನ್ನು ಅವರಾದರೂ ಏನು ಮಾಡುತ್ತಾರೆ? ನಾನು ಒಂದೊಂದೇ ಪಾತ್ರೆ ಕಾಗದದಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬತೊಡಗಿದೆ.

ಅಕ್ಟೋಬರಿನಲ್ಲಿ, ರಂಜಾನ್ ಉಪವಾಸದ ತಿಂಗಳಲ್ಲಿ ಸಿನಿಮಾ ಬಂತು. ಮಂಗಳೂರಿನಿಂದ ಮರಳುತ್ತಿದ್ದ ಒಬ್ಬ ಬ್ಯಾರಿ ಹೆಂಗಸು ಅದನ್ನು ಮಕ್ಕಳ ಕಾರ್ಟೂನು ಸಿ.ಡಿ.ಗಳ ಜೊತೆ ಹಾಕಿ ತಂದಿದ್ದರು. ಏರ್‌ಪೋರ್ಟಿನಲ್ಲಿ ಒಬ್ಬರೂ ಒಂದು ಮಾತು ಕೇಳಲಿಲ್ಲವಂತೆ. ‘ಇದಕ್ಕೆ ಯಾಕೆ ಇಷ್ಟು ಕಷ್ಟಪಟ್ರಿ?’ ಎಂದರು ಅವರು. ‘ನನ್ನ ಮೈದುನ ಹಾಡಿನದ್ದೆಲ್ಲ ಪೋಸ್ಟಿನಲ್ಲೇ ತರಿಸೂದು. ಹತ್ತು ದಿನ ಸಹ ಆಗೂದಿಲ್ಲ.’ ನಾನು ಅವರಿಗೆ ನೆಟ್ಟಗೆ ಥ್ಯಾಂಕ್ಸ್ ಕೂಡ ಹೇಳಲಿಲ್ಲ.

ಅದನ್ನು ಅಡಗಿಸಿಡೋಣ ಎನಿಸಿತ್ತು. ಆದರೆ ಮಗಳು ಆಗಲೇ ಅಪ್ಪನಿಗೆ ಹೇಳಿಬಿಟ್ಟಿದ್ದಳು. ‘ಹಾಕು,’ ಎಂದರು ಇವರು. ‘ನಾನು ಕೇಳ್ತೇನೆ. ನೀವಿಬ್ಬರು ನೋಡಿ ಹೇಳಿ.’

ಶುಕ್ರವಾರ ಊಟದ ಮೇಲೆ ಹಾಕಿದೆವು. ಇವರು ಕುರ್ಚಿಯನ್ನು ಟೀವಿಗೆ ಮೊಣಕಾಲು ತಾಗುವಷ್ಟು ಹತ್ತಿರ ಎಳೆದುಕೊಂಡು ಕೂತರು. ಅಬ್ಬಬ್ಬಾ, ಎಂಥ ಬೊಬ್ಬೆ! ಉದ್ದ ಕೂದಲಿನವರು ಒಬ್ಬರಾದ ಮೇಲೊಬ್ಬರು ಬಂದು ಗಿಟಾರು ಹಿಡಿದು ಕುಣಿದರು. ಮಗಳು, ‘ಅಮ್ಮಾ, ಇವ್ರು ವೆರಿ ವೆರಿ ಫೇಮಸ್, ಓ ಮೈ ಗಾಡ್, ಇವ್ರೂ ಇದ್ದಾರೆ’ ಎನ್ನುತ್ತಿದ್ದಳು.

‘ಅವರು ಬೇಡ, ಬಿಡು! ಹಿಂದೆ ಕೂತವರನ್ನು ನೋಡು,’ ಎಂದು ಗದರಿದೆ.

ಲೋಕವೆಲ್ಲ ಯಾರನ್ನು ನೋಡಲಿಕ್ಕೆಂದು ಆ ಸಿನಿಮಾ ಕೊಳ್ಳುತ್ತದೋ ಅವರೇ ನಮಗೆ ಅಡ್ಡ. ಅವರು ಒಂದು ಮಗ್ಗುಲಿಗೆ ಸರಿದಾಗ ಕೂತ ಜನ ಒಂದು ಚಣ ಕಾಣುತ್ತಿದ್ದರು, ಮತ್ತೆ ಕ್ಯಾಮೆರಾ ಹಾಡುವವನ ಬಾಯಿಗೇ ಹೋಗುತ್ತಿತ್ತು. ಮಗಳು ನಿಲ್ಲಿಸಿ, ಹಿಂದೆ ತಂದು, ಮತ್ತೆ ಬಿಡುತ್ತಿದ್ದಳು. ಎಲ್ಲರ ತಲೆಯ ಮೇಲೂ ಹುಬ್ಬಿನವರೆಗೆ ಟೋಪಿ. ಒಂದು ಗಂಟೆಯ ಸಿನಿಮಾಕ್ಕೆ ಮೂರು ಗಂಟೆ ಹಿಡಿಯಿತು. ನಮ್ಮ ಕಡೆಯವರಂತೆ ಕಾಣುವ ಕಪ್ಪು ಮುಖದ ಹುಡುಗರು ಇಬ್ಬರು ಸಿಕ್ಕಿದರು. ಒಬ್ಬ ಎರಡನೇ ಸಾಲಿನಲ್ಲಿ ಬಾಯಿ ತುಂಬ ನಗುತ್ತಿದ್ದ. ಇನ್ನೊಬ್ಬ ತುದಿಯಲ್ಲಿ ಕೂತು, ಹಾಡುವವರನ್ನು ಬಿಟ್ಟು ನೆಟ್ಟಗೆ ನಮ್ಮ ಕಡೆಗೇ ನೋಡುತ್ತಿದ್ದ. ಮಗಳು ಅಲ್ಲಿ ನಿಲ್ಲಿಸಿದಳು.

‘ಇದ್ದಾನಾ?’ ಎಂದರು ಇವರು.

‘ಇಬ್ಬರು ಇದ್ದಾರೆ,’ ಎಂದೆ. ‘ಒಬ್ಬರದ್ದು ಅಗಲ ಮುಖ, ನಗ್ತಾ ಇದ್ದಾರೆ. ಇನ್ನೊಬ್ಬರದ್ದು ಸಪೂರ, ಗಲ್ಲ ಚೂಪು. ನೀವು ಹೇಳಿ, ಅವರು ಹೇಗಿದ್ರು? ಮೂಗು ಹೇಗಿತ್ತು?’

ಇವರು ತಲೆಯನ್ನು ಟೀವಿಯ ಕಡೆಗೆ ಇನ್ನಷ್ಟು ಬಗ್ಗಿಸಿದರು.

‘ಹಲ್ಲು? ಗಲ್ಲ? ಎಂಥದಾದ್ರೂ ಒಂದು ಹೇಳಿ. ನಾವು ನೋಡ್ತೇವೆ.’

‘ನನಗೆ ಗೊತ್ತಿಲ್ಲ.’

‘ಗೊತ್ತಿಲ್ಲ ಅಂದ್ರೆ?’

‘ಮುಖ ನೆನಪಿಲ್ಲ ಮಾರಾಯ್ತಿ.’ ಅಷ್ಟು ವರ್ಷದಲ್ಲಿ ಒಮ್ಮೆಯೂ ಹೇಳದ ಮಾತನ್ನು ಇವರು ಆಗ ಹೇಳಿದರು. ‘ನಾನು ಎಂಟು ವರ್ಷದವ. ಹೆಗಲ ಮೇಲೆ ಕೂರಿಸಿ ಚೌಪಾಟಿ ಕಡಲಿಗೆ ಕರ್ಕೊಂಡು ಹೋದದ್ದು ನೆನಪುಂಟು. ಹೆಗಲ ಮೇಲೆ ಕೂತವನಿಗೆ ಮುಖ ಎಲ್ಲಿ ಕಾಣ್ತದೆ? ಎಷ್ಟು ಕಣ್ಣು ಮುಚ್ಚಿ ಕೂತ್ರೂ ಬರೂದಿಲ್ಲ. ನೋಡಿದ್ರೆ ಗುರ್ತು ಸಿಗ್ತಿತ್ತು. ಅದು ನನಗೆ ಖಂಡಿತ. ಹೇಳಿದ್ರೆ ಹೇಗೆ ಸಿಗೂದು?’

‘ಆ ತುದಿಯಲ್ಲಿ ಕೂತವರೇ,’ ಎಂದೆ ನಾನು. ‘ನಿಮ್ಮ ಹಾಗೇ ಇದ್ದಾರೆ.’

‘ಹೇಳ್ಬೇಡ. ನೀನು ಅವನನ್ನು ನೋಡಿದವಳಲ್ಲ.’

ಟೀವಿಯಲ್ಲಿ ಆ ಹುಡುಗ ನಮ್ಮನ್ನೇ ನೋಡುತ್ತಿದ್ದ. ಮಗಳು ರಿಮೋಟು ಹಿಡಿದುಕೊಂಡು, ಬಿಡಬೇಕೋ ನಿಲ್ಲಿಸಬೇಕೋ ಗೊತ್ತಾಗದೆ ಅಳತೊಡಗಿದಳು. ನನಗೂ ತಡೆಯಲಾಗಲಿಲ್ಲ. ಇವರ ಕುರ್ಚಿಯ ಪಕ್ಕ ನೆಲದ ಮೇಲೆ ಕೂತೆ. ನನ್ನ ಯಾವ ತಪ್ಪಿಗೂ, ಯಾವ ಸಿಡುಕಿಗೂ ‘ಬಿಡು ಮಾರಾಯ್ತಿ’ ಎಂದೇ ಹತ್ತೊಂಬತ್ತು ವರ್ಷ ಸಂಸಾರ ಮಾಡಿದ ಮನುಷ್ಯ. ಅವತ್ತೂ ಹಾಗೆಯೇ ಅನ್ನುತ್ತಾರೆ ಎಂಬ ಆಸೆ ನನಗಿತ್ತು, ಸುಳ್ಳು ಯಾಕೆ ಹೇಳಲಿ.

‘ಪೋಸ್ಟಿಗೆ ಹಾಕ್ಬೇಡ ಅಂದದ್ದು ನಾನು,’ ಎಂದೆ.

‘ಹೌದು,’ ಎಂದರು.