ಕ್ರಷರಿನ ಐದು ಸೆಕೆಂಡು

ಕೆಲವು ವರ್ಷಗಳ ಹಿಂದಿನ ಮಾತು. ಕುಂದಾಪುರದಲ್ಲಿ ಆಟೋಮೇಷನ್ ಇಂಜಿನಿಯರಾಗಿದ್ದ ನನಗೆ ಉಪ್ಪುಂದದ ಐಸ್ ಪ್ಲಾಂಟೊಂದರ ಕೆಲಸ ಬಂತು. ಮೀನಿಗೆ ಹಾಕುವ ಐಸನ್ನು ಪುಡಿ ಮಾಡುವ ಕ್ರಷರಿಗೆ ಪಿಎಲ್‌ಸಿ ಕೂರಿಸಬೇಕಿತ್ತು. ಪಿಎಲ್‌ಸಿ ಎಂದರೆ ನಾವು ಬರೆದುಕೊಟ್ಟ ಕ್ರಮದಲ್ಲಿ ಯಂತ್ರವನ್ನು ನಡೆಸುವ ಪುಟ್ಟ ಕಂಪ್ಯೂಟರ್. ಅಮೋನಿಯಾದ ಜೊತೆ ಬೆರೆತ ಬಂಗುಡೆಯ ವಾಸನೆ, ಸದಾ ಒದ್ದೆಯಾದ ನೆಲ, ಹತ್ತು ಗಂಟೆಗೆ ಚಹಾದೊಂದಿಗೆ ಬರುತ್ತಿದ್ದ ಬಿಸಿ ಗೋಳಿಬಜೆ. ಅಲ್ಲಿ ಕಳೆದ ಆ ವಾರ ಈಗಲೂ ನನಗೆ ಪ್ರೀತಿಯದೇ.

ಕ್ರಷರ್ ನೋಡಿಕೊಳ್ಳುತ್ತಿದ್ದವರು ಶೀನಣ್ಣ, ಅದರ ಜೊತೆ ಇಪ್ಪತ್ತು ವರ್ಷ ಕಳೆದವರು. ನಾನು ಲ್ಯಾಪ್‌ಟಾಪ್ ತೆರೆದರೆ ಹೆಗಲ ಬೈರಾಸಿನಲ್ಲಿ ಕೈ ಒರೆಸಿಕೊಂಡು ಪಕ್ಕಕ್ಕೆ ಬರುತ್ತಿದ್ದರು.

“ಹ್ವಾಯ್ ಇಂಜಿನಿಯರ್ರೇ, ಈ ಪ್ರೋಗ್ರಾಮಿಂಗ್ ಅಂದ್ರೆ ಎಂತ?”

“ಮಿಷಿನ್ ಯಾವಾಗ ಎಂತ ಮಾಡ್ಕ್ ಅಂದೇಳಿ ಮುಂಚೆಯೇ ಬರ್ದಿಡೂದ್, ಶೀನಣ್ಣ.”

“ಹಂಗಾರೆ ನಾನ್ ಎಂತ ಮಾಡ್ತೆ ಅಂದೇಳಿಯೂ ಬರ್ದೀರ್ಯಾ?”

ಸುತ್ತಲಿದ್ದ ಕೆಲಸಗಾರರೆಲ್ಲ ನಕ್ಕರು. ನಾನೂ ನಕ್ಕೆ.

ಮಾಲೀಕರ ಬೇಡಿಕೆ ಒಂದೇ ಆಗಿತ್ತು: “ಕರೆಂಟ್ ಹೋಯಿ ಬಂದ್ರೆ ಅದ್ ತನ್ನಷ್ಟಕ್ಕೇ ಶುರುವಾಯ್ಕ್.” ಹಾಗೆಯೇ ಬರೆದೆ. ವಿದ್ಯುತ್ ಬಂದ ಐದು ಸೆಕೆಂಡಿಗೆ ಮೋಟಾರ್ ಆನ್.

ಮರುದಿನ ಪರೀಕ್ಷೆ ನಡೆಯುತ್ತಿದ್ದಾಗಲೇ ಕರೆಂಟ್ ಹೋಯಿತು. ನಾನು ಚಹಾ ಹಿಡಿದು ಬಾಗಿಲ ಬಳಿ ನಿಂತೆ. ಹಳೆಯ ಕ್ರಷರ್ ಯಾರಾದರೂ ಸ್ವಿಚ್ ಒತ್ತದೆ ತಿರುಗುತ್ತಿರಲಿಲ್ಲ. ಹಾಗಾಗಿ ಕರೆಂಟ್ ಹೋದ ಹೊತ್ತೇ ಶೀನಣ್ಣನಿಗೆ ಕ್ರಷರಿನ ಹಲ್ಲುಗಳ ನಡುವೆ ಸಿಕ್ಕಿದ ಐಸ್ ಬಿಡಿಸುವ ಹೊತ್ತು. ಇದು ನನಗೆ ಗೊತ್ತಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ.

ಕರೆಂಟ್ ಬಂದು ಪ್ಯಾನೆಲ್ಲಿನ ದೀಪ ಹೊತ್ತಿತು. ತಿರುಗಿ ನೋಡಿದರೆ ಶೀನಣ್ಣನ ಬಲಗೈ ಭುಜದವರೆಗೆ ಕ್ರಷರಿನೊಳಗಿತ್ತು.

“ಶೀನಣ್ಣ, ಕೈ ತೆಗೀನಿ!”

ಲೋಟ ಬಿಸಾಡಿ ಓಡಿದೆ. ಒಂದು, ಎರಡು, ಮೂರು... ನಾನೇ ಬರೆದ ಎಣಿಕೆ. ಯಂತ್ರ ನಿಲ್ಲಿಸುವ ಕೆಂಪು ಗುಂಡಿಗೆ ಕೈ ತಾಗುವಷ್ಟರಲ್ಲಿ ಕ್ರಷರ್ ಅರ್ಧ ಸುತ್ತು ತಿರುಗಿ ನಿಂತಿತು. ಬೈರಾಸು ಹಲ್ಲುಗಳ ನಡುವೆ ಇತ್ತು. ಕೈ ಹೊರಗಿತ್ತು.

ಶೀನಣ್ಣ ಬೆರಳುಗಳನ್ನು ಮಡಚಿ ಬಿಚ್ಚಿ ನೋಡಿಕೊಂಡರು. “ಬೈರಾಸ್ ಹೊಸ್ತ್ ಮಾರಾಯ್ರೆ,” ಎಂದರು. ನಾನು ಹೋಗಿ ಮೇನ್ ಸ್ವಿಚ್ ಇಳಿಸಿದೆ.

ಅಂದೇ ಆ ಸಾಲು ಅಳಿಸಿದೆ. ಕರೆಂಟ್ ಬಂದರೂ ಹಸಿರು ಗುಂಡಿ ಒತ್ತದೆ ಕ್ರಷರ್ ತಿರುಗದಂತೆ ಬರೆದೆ.

ಆ ಐದು ಸೆಕೆಂಡಿನ ಎಣಿಕೆ ನನ್ನೊಳಗೆ ಇನ್ನೂ ನಡೆಯುತ್ತಲೇ ಇದೆ. ಈಗ ಎಲ್ಲಿಗೆ ಹೋದರೂ ಮೊದಲ ದಿನ ಲ್ಯಾಪ್‌ಟಾಪ್ ತೆರೆಯುವುದಿಲ್ಲ. ಯಂತ್ರದ ಪಕ್ಕ ನಿಂತವರ ಕೈಗಳನ್ನು ನೋಡುತ್ತೇನೆ. ಪ್ರೋಗ್ರಾಮಿಂಗ್ ಅಲ್ಲಿಂದ ಶುರುವಾಗುತ್ತದೆ.

ಕಳೆದ ಬಾರಿ ಹೋದಾಗ ಶೀನಣ್ಣ ಕ್ರಷರಿನ ಬೆನ್ನು ತಟ್ಟಿ ಹೇಳಿದರು: “ಈಗ ಇದ್ ನನ್ ಹತ್ರ ಕೇಂಡೇ ತಿರ್ಗತ್ತ್ ಕಾಣಿ.”