ಬೀಜಾಡಿಗೆ ಓಡಿ ಬಂದ ಜಾಝ್

ಬೆಳಗ್ಗಿನಿಂದ ಮನೆಯೆಲ್ಲ ನೋವಿನ ಎಣ್ಣೆಯ ವಾಸನೆ. ಎರಡೂ ಮೊಣಕಾಲಿಗೆ ನಾನೇ ತಿಕ್ಕಿಕೊಂಡದ್ದು. ಸೊಸೆ ಕಿಟಕಿಗಳನ್ನೆಲ್ಲ ತೆರೆದಿಟ್ಟು ಹೋದಳು. ಅರವತ್ತು ದಾಟಿದ ಹೆಂಗಸು ಬಸ್ರೂರಿನಿಂದ ಬೀಜಾಡಿಯ ಕಡಲವರೆಗೆ ಓಡಿದರೆ ಮರುದಿನ ಮನೆ ಹೀಗಲ್ಲದೆ ಇನ್ನು ಹೇಗೆ ನಾರಬೇಕು, ನೀವೇ ಹೇಳಿ. ಓಡಿದ್ದು ಅನ್ನುವುದು ನನ್ನ ಮಾತು. ಕಂಡವರು ನಡೆದದ್ದು ಅನ್ನಬಹುದು.

ವರ್ಷಕ್ಕೊಮ್ಮೆ ನಡೆಯುವ ಈ ಓಟ ನನ್ನ ಅಣ್ಣ ಸಂಜೀವನ ಹೆಸರಿನದು. ಬಿಸಿಲು ಇಳಿದ ಮೇಲೆ ಓಟ, ಅದು ಮುಗಿದಲ್ಲೇ ಮರಳಿನ ಮೇಲೆ ಜಾಝ್ ಸಂಗೀತ. ಬೈಂದೂರು, ಬ್ರಹ್ಮಾವರದ ಕಡೆಯಿಂದೆಲ್ಲ ಜನ ಬರುತ್ತಾರೆ. ಸಂಗೀತಗಾರನ ನೆನಪಿಗೆ ಓಟ ಯಾಕೆ ಎಂದು ಹೊಸಬರು ಕೇಳುವುದುಂಟು. ಅದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ಅಣ್ಣ ಎಳೆಯ ವಯಸ್ಸಿನಲ್ಲೇ ನಮ್ಮ ಬಸ್ರೂರು ಬಿಟ್ಟು ಮುಂಬೈಗೆ ಹೋದವನು. ನಮ್ಮ ಕಡೆಯ ಎಲ್ಲರ ಹಾಗೆ ಹೋಟೆಲಿಗೇ. ಆ ಹೋಟೆಲಿನಲ್ಲಿ ಸಂಜೆ ಬ್ಯಾಂಡ್ ಇರುತ್ತಿತ್ತು. ಅದರಲ್ಲಿ ಸ್ಯಾಕ್ಸೋಫೋನ್ ನುಡಿಸುವ ಗೋವಾದ ಮುದುಕರೊಬ್ಬರಿಗೆ ಅಣ್ಣ ದಿನಾ ಚಹಾ ಕೊಡುತ್ತಿದ್ದ. ಚಹಾ ಕೊಟ್ಟವನು ಅಲ್ಲೇ ನಿಂತುಬಿಡುತ್ತಿದ್ದನಂತೆ. ನಿಲ್ಲುವುದನ್ನು ನೋಡಿ ನೋಡಿ ಅವರೇ ಕಲಿಸಲು ಶುರು ಮಾಡಿದರು. ಮುಂದೆ ಅಣ್ಣ ಅದೇ ಬ್ಯಾಂಡಿನಲ್ಲಿ ಕೋಟು ತೊಟ್ಟು ನಿಂತ. ಆ ಫೋಟೊ ಊರಿಗೆ ಬಂದಾಗ ಅಮ್ಮ ಅದನ್ನು ದೇವರ ಪಟಗಳ ಸಾಲಿನಲ್ಲೇ ಮೊಳೆ ಹೊಡೆದು ತೂಗುಹಾಕಿದರು.

ಆಮೇಲೆ ಅವನಿಗೆ ಕ್ಷಯ ಹಿಡಿಯಿತು. ಊರಿಗೆ ಬಂದವನನ್ನು ಬಸ್ಸಿನಿಂದ ಇಳಿಸುವಾಗ ನನಗೆ ಗುರುತೇ ಸಿಗಲಿಲ್ಲ. ಮದ್ದು ಮುಗಿದು ರೋಗ ವಾಸಿಯಾಯಿತು, ಆದರೆ ಎದೆಯಲ್ಲಿ ಬಲವಿಲ್ಲ, ಸದ್ಯಕ್ಕೆ ಊದುವ ಮಾತೇ ಬೇಡ ಎಂದರು ಡಾಕ್ಟರು. ನಡೆಯಬಹುದು ಎಂದೂ ಹೇಳಿದ್ದರು. ಅಣ್ಣ ಆ ಒಂದು ಮಾತನ್ನು ಹಿಡಿದುಕೊಂಡ. ಮೊದಲು ಹೊಳೆಯ ತನಕ ನಡೆದ. ಆಮೇಲೆ ನಡಿಗೆ ಬಿರುಸಾಯಿತು. ಕಡೆಗೊಂದು ದಿನ ನೋಡಿದರೆ ಲುಂಗಿ ಎತ್ತಿಕಟ್ಟಿ ಬೀಜಾಡಿಯ ದಿಕ್ಕಿಗೆ ಓಡುತ್ತಿದ್ದಾನೆ. ಬಸ್ಸಿನಲ್ಲಿ ಕೂತವರು ಕಿಟಕಿಯಿಂದ ತಲೆ ಹಾಕಿ ನಗುತ್ತಿದ್ದರು.

ಅಮ್ಮನಿಗೆ ಮಾತ್ರ ಭಯ. "ದಾರಿ ಮೇಲ್ ಬಿದ್ರೆ ಎತ್ತುಕೆ ಯಾರಾರೂ ಬೇಕಲ್ದಾ" ಎಂದು ನನ್ನನ್ನು ಸೈಕಲ್ ಮೇಲೆ ಅವನ ಜೊತೆ ಕಳಿಸಿದರು. ನಾನಾಗ ಕಾಲೇಜು ಮುಗಿಸಿ ಮನೆಯಲ್ಲಿದ್ದೆ, ಸೈಕಲ್ ಕಲಿತು ತಿಂಗಳೂ ಆಗಿರಲಿಲ್ಲ. ಆ ದಾರಿಯಲ್ಲಿ ಅಣ್ಣ ಒಮ್ಮೆಯೂ ಬೀಳಲಿಲ್ಲ. ನಾನು ಕೋಟೇಶ್ವರದ ತಿರುವಿನಲ್ಲಿ ಎಷ್ಟು ಸಲ ಬಿದ್ದೆನೋ, ಅಷ್ಟೂ ಸಲ ಅವನೇ ಎತ್ತಿದ.

ಒಂದು ಮಳೆಗಾಲ ಕಳೆಯಿತು. ಡಾಕ್ಟರು ಎದೆ ಪರೀಕ್ಷೆ ಮಾಡಿ, ಸ್ವಲ್ಪ ಸ್ವಲ್ಪ ಊದಿ ನೋಡಬಹುದು ಎಂದರು. ಮಾರನೆಯ ಬೆಳಿಗ್ಗೆ ಅಣ್ಣ ಸ್ಯಾಕ್ಸೋಫೋನಿನ ಪೆಟ್ಟಿಗೆಯನ್ನು ನನ್ನ ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿದ. ಅವತ್ತು ನಾನು ಬೀಳಲಿಲ್ಲ, ಬೀಳುವ ಧೈರ್ಯವಿರಲಿಲ್ಲ. ಬೀಜಾಡಿಯ ಮರಳಿನಲ್ಲಿ ನಿಂತು ಅವನು ಊದಿದ. ಮೊದಲು ಬರೀ ಗಾಳಿ. ಆಮೇಲೆ ಕೆಮ್ಮು. ನಾನು ಕಡಲಿನ ಕಡೆ ಮುಖ ತಿರುಗಿಸಿ ನಿಂತೆ. ಮತ್ತೆ ಊದಿದಾಗ ಒಂದು ಉದ್ದನೆಯ ಸ್ವರ ಎದ್ದಿತು, ನಡುಗಲಿಲ್ಲ, ಮುರಿಯಲಿಲ್ಲ. ದೂರದಲ್ಲಿ ಬಲೆ ಎಳೆಯುತ್ತಿದ್ದವರು ಎಳೆಯುವುದನ್ನು ನಿಲ್ಲಿಸಿದರು. ನಮ್ಮಲ್ಲಿ ಸ್ಯಾಕ್ಸೋಫೋನ್ ಕೇಳಿದರೆ ಮದುವೆ ಎಂದೇ ಅರ್ಥ. "ಹ್ವಾಯ್, ಯಾರ್ ಮದಿ?" ಎಂದು ಒಬ್ಬರು ಕೂಗಿ ಕೇಳಿದರು.

"ಮದಿ ಅಲ್ಲ," ಅಂದ ಅಣ್ಣ. "ಉಸ್ರ್ ವಾಪಸ್ ಬಂತ್."

ಆಮೇಲೆ ಅವನು ಮುಂಬೈಗೆ ಹೋಗಲಿಲ್ಲ. ಮದುವೆಗಳಲ್ಲಿ ನುಡಿಸಿದ, ಮನೆಯ ಚಾವಡಿಯಲ್ಲಿ ಜಾಝ್ ಕಲಿಸಿದ. ಕಲಿಯಲು ಬಂದವರನ್ನು ಮೊದಲು ಓಡಿಸುತ್ತಿದ್ದ. ಹಿಂದೆ ಉಳಿದವರು ಬಂದು ಮುಟ್ಟುವ ತನಕ ಪಾಠ ಶುರುವಾಗುತ್ತಿರಲಿಲ್ಲ. ಅವನು ತೀರಿಕೊಂಡ ಮೇಲೆ ಶಿಷ್ಯರು ಸೇರಿ ಈ ಓಟ ಶುರು ಮಾಡಿದಾಗ ಆ ಪದ್ಧತಿಯನ್ನೂ ಉಳಿಸಿಕೊಂಡರು. ಕಟ್ಟಕಡೆಯವರು ತಲುಪದೆ ಸಂಗೀತ ಇಲ್ಲ.

ಪ್ರತಿ ವರ್ಷ ನಾನು ತಂಗಿ ಎಂಬ ಗೌರವದಲ್ಲಿ ವೇದಿಕೆಯ ಮೇಲೆ ಶಾಲು ಹೊದ್ದು ಕೂತವಳು. ಕತ್ತಲಾಗುತ್ತ ಬಂದರೂ ಕೊನೆಯವರು ಬಾರದಿದ್ದಾಗ, ಯಾವ ಆಮೆಯಪ್ಪ ಇದು, ಎಂದು ಒಳಗೊಳಗೇ ಗೊಣಗಿದವಳು. ಈ ಸಲ ಮಾತ್ರ, ಯಾಕೋ, ಶಾಲು ಬೇಡ, ನಾನೂ ಓಡುತ್ತೇನೆ ಎಂದೆ.

ಕೋಟೇಶ್ವರ ಮುಟ್ಟುವಾಗಲೇ ಎಡಗಾಲು ಮಾತು ಕೇಳಲಿಲ್ಲ. ರಿಕ್ಷಾ ಕರೆಯಲು ಕೈ ಎತ್ತಿದ್ದೆ. ಅಷ್ಟರಲ್ಲಿ ಎದುರಿನಿಂದ ಸ್ಕೂಟರಿನಲ್ಲಿ ಬಂದವಳು ಶಾಲಿನಿ. ವಂಡ್ಸೆಯವಳು, ಅಣ್ಣನ ಶಿಷ್ಯೆ, ಈಗ ಬ್ಯಾಂಡಿನ ಮುಂದಾಳು. ನನ್ನ ಎತ್ತಿದ ಕೈ ನೋಡಿದಳು.

"ಅಕ್ಕ, ಎಲ್ಲ ಬಂದಾಯ್ತ್. ನೀವ್ ಒಬ್ರೇ ಬಾಕಿ. ನಿಧಾನ ಬನ್ನಿ, ನಾವ್ ಕಾಯ್ತೊ."

ಕೈ ಇಳಿಸಿದೆ. ಅವಳು ಸ್ಕೂಟರ್ ತಿರುಗಿಸಿ ಹೋದಳು.

ಅಲ್ಲಿಂದ ಬೀಜಾಡಿಯ ತನಕ ಹೇಗೆ ಹೋದೆ ಎಂದು ಕೇಳಬೇಡಿ. ಕಡಲು ಕಾಣುವಾಗ ಸೂರ್ಯ ಮುಳುಗಿಯಾಗಿತ್ತು. ಅಷ್ಟು ಜನ ಎದ್ದು ನಿಂತಿದ್ದರು, ಯಾರೂ ನಗಲಿಲ್ಲ, ನಡುವೆ ದಾರಿ ಬಿಟ್ಟಿದ್ದರು. ನನ್ನ ಕಾಲು ಗೆರೆ ದಾಟಿತು. ಶಾಲಿನಿ ಸ್ಯಾಕ್ಸೋಫೋನ್ ಎತ್ತಿದಳು. ನನ್ನ ಎದೆ ಉಬ್ಬಿದ್ದು ಏದುಸಿರಿಗೋ ಹೆಮ್ಮೆಗೋ ಎಂದು ಬಿಡಿಸಿ ಹೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಈಗ ತಾನೇ ಮೀನು ಮಾರುವ ಗುಲಾಬಿ ಬಂದು ಜಗಲಿಯಲ್ಲಿ ಬುಟ್ಟಿ ಇಳಿಸಿದಳು. ನಿನ್ನೆ ಅವಳೂ ಮನೆಯವರನ್ನೆಲ್ಲ ಕರೆದುಕೊಂಡು ಬಂದಿದ್ದಳಂತೆ, ಮುಗಿಯುವ ತನಕ ಕೂತಿದ್ದಳಂತೆ. ಆ ಸಂಗೀತ ಯಾವ ಊರಿನದು ಎಂದು ಕೇಳಿದಳು. ಬೇರೆ ವರ್ಷವಾಗಿದ್ದರೆ ಅಮೆರಿಕದಿಂದ ಶುರು ಮಾಡಿ ಗೋವಾ, ಮುಂಬೈಗಳನ್ನೆಲ್ಲ ಸುತ್ತಿಸುತ್ತಿದ್ದೆ, ಏನೋ ಸಮಜಾಯಿಷಿ ಕೊಡುವವರ ಹಾಗೆ.

"ಬಸ್ರೂರಿಂದ್," ಅಂದೆ.

"ಹೌದಾ. ನಂಗೂ ಹಾಂಗೇ ಕಂಡಿತ್," ಎಂದು ಅವಳು ಬಂಗುಡೆ ಆರಿಸತೊಡಗಿದಳು.