ಅಜ್ಜ ನೀರು ಕುಡಿಸಿದ ಕಾರು

ಕಾರಿನ ಇಂಜಿನ್ನನ್ನು ತಣ್ಣಗಿಡುವ ಕೂಲಂಟಿನ ವಾಸನೆ ನಿಮಗೆ ಗೊತ್ತಿರಬಹುದು. ಕಾದ ಇಂಜಿನ್ ಮೇಲೆ ಅದು ಸೋರಿದರೆ, ಬೆಲ್ಲದ ಪಾಕ ತಳ ಹಿಡಿಯುವ ಹೊತ್ತಿಗೆ ಅಡುಗೆಮನೆಯಲ್ಲಿ ಸುಳಿಯುವಂಥ ಒಂದು ಸಿಹಿ ಘಾಟು ಏಳುತ್ತದೆ. ಮೊನ್ನೆ ತಾರಿಹಾಳದ ಗ್ಯಾರೇಜೊಂದರಲ್ಲಿ ಕೂತಿದ್ದಾಗ ಪಕ್ಕದ ಕಾರಿನಿಂದ ಅದೇ ಘಾಟು ಬಂತು. ಉಳಿದವರು ಮೂಗು ಮುಚ್ಚಿಕೊಂಡರು. ನಾನು ಮಾತ್ರ ಬೈರಿದೇವರಕೊಪ್ಪದ ನಮ್ಮ ಮನೆಯ ಅಂಗಳಕ್ಕೆ ಹೋಗಿ ನಿಂತುಬಿಟ್ಟೆ. ಆ ಮನೆ ಈಗಿಲ್ಲ, ಅದರ ಜಾಗದಲ್ಲಿ ನಾಲ್ಕಂತಸ್ತಿನ ಕಟ್ಟಡ ಎದ್ದಿದೆ. ನಿಮ್ಮ ಹಳೆಯ ಮನೆಯೂ ಎಲ್ಲೋ ಒಂದು ವಾಸನೆಯಲ್ಲಿ ಉಳಿದುಕೊಂಡಿದ್ದರೆ, ನಾನು ಹೇಳುವುದು ನಿಮಗೆ ಹೊಸದೇನಲ್ಲ.

ಆ ಮನೆಯಲ್ಲಿ ಕಾರು ಓಡಿಸುತ್ತಿದ್ದವಳು ನನ್ನ ಅವ್ವ. ಹೈಸ್ಕೂಲಿನಲ್ಲಿ ವಿಜ್ಞಾನದ ಪಾಠ ಹೇಳುತ್ತಿದ್ದಳು. ಸರಕಾರಿ ಕಚೇರಿಯಲ್ಲಿದ್ದ ಅಪ್ಪನಿಗೆ ಸ್ಟೇರಿಂಗ್ ಕಂಡರೇ ಕೈ ಬೆವರುತ್ತಿತ್ತು. ಅಪ್ಪನ ತಮ್ಮ, ನನ್ನ ಕಾಕಾ, ಹತ್ತಿಯ ದಲಾಲಿ ಮಾಡುತ್ತಿದ್ದ. ಅವನಿಗೆ ಬೈಕು ಬರುತ್ತಿತ್ತು, ಕಾರು ಬರುತ್ತಿರಲಿಲ್ಲ, ಸಲಹೆ ಮಾತ್ರ ಧಾರಾಳವಾಗಿ ಬರುತ್ತಿತ್ತು. ಭಾನುವಾರ ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ಆ ಬಿಳಿಯ ಹಳೆಯ ಕಾರನ್ನು ಓಣಿಯಿಂದ ಹಿಮ್ಮುಖವಾಗಿ ಹೊರಗೆ ತೆಗೆದರೆ ಕಟ್ಟೆಯ ಮೇಲಿನ ಮಾತು ನಿಲ್ಲುತ್ತಿತ್ತು. ಹಿಂದಿನ ಸೀಟಿನಲ್ಲಿ ನಾನು ರಾಣಿಯ ಮಗಳಂತೆ ಕೂತಿರುತ್ತಿದ್ದೆ. ಆ ಜಂಬ ಇನ್ನೂ ನನ್ನಿಂದ ಇಳಿದಿಲ್ಲ.

ಅಪ್ಪನ ಅಪ್ಪ, ನನ್ನ ಅಜ್ಜ, ಮುಗದ ಎಂಬ ಹಳ್ಳಿಯಲ್ಲಿ ಎತ್ತು ಕಟ್ಟಿ ಹೊಲ ಮಾಡಿದವನು. ಹೊಲವನ್ನು ಪಾಲಿಗೆ ಕೊಟ್ಟು ನಮ್ಮ ಜೊತೆ ಇರಲು ಬಂದಾಗ ಅವನಿಗೆ ಮೈ ತೊಳೆದು ನೋಡಿಕೊಳ್ಳಲು ಸಿಕ್ಕಿದ್ದು ಈ ಕಾರೊಂದೇ. ಬೆಳಿಗ್ಗೆ ಅವ್ವ ಬಸ್ಸು ಹಿಡಿದು ಶಾಲೆಗೆ ಹೋದ ಮೇಲೆ ಅದನ್ನು ಉಜ್ಜಿ ಒರೆಸಿ, ಬಾನೆಟ್ಟಿನ ಮೇಲೆ ಎತ್ತಿನ ಬೆನ್ನು ತಟ್ಟಿದ ಹಾಗೆ ತಟ್ಟುತ್ತಿದ್ದ. ಅದಲ್ಲದೆ ಅವನು ಇನ್ನೂ ಒಂದು ಕೆಲಸ ಮಾಡುತ್ತಿದ್ದನೆಂಬುದು ನಮಗ್ಯಾರಿಗೂ ಗೊತ್ತಿರಲಿಲ್ಲ.

ಒಂದು ಬೇಸಿಗೆಯಲ್ಲಿ ಮುಗದದ ನಂಟರ ಮನೆಗೆ ಕುಬಸಕ್ಕೆಂದು, ಬಸುರಿಯ ಸೀಮಂತಕ್ಕೆಂದು, ಎಲ್ಲರೂ ಹೊರಟೆವು. ಧಾರವಾಡ ದಾಟಿ ಸ್ವಲ್ಪ ದೂರ ಹೋಗುವುದರಲ್ಲಿ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಗೆ ಏರಿತು, ಬಾನೆಟ್ಟಿನಿಂದ ಹೊಗೆಯಂಥ ಉಗಿ ಎದ್ದಿತು. ಅವ್ವ ಗಾಡಿ ಬದಿಗೆ ಹಾಕಿ ಇಂಜಿನ್ ಬಂದ್ ಮಾಡಿದಳು. ಕಾಕಾ ಬಾನೆಟ್ ಎತ್ತಿ, ಟಾವೆಲ್ ಸುತ್ತಿದ ಕೈಯನ್ನು ರೇಡಿಯೇಟರಿನ ಮುಚ್ಚಳಕ್ಕೆ ಒಯ್ದ.

"ಮುಟ್ಟಬ್ಯಾಡ್ರಿ. ಒಳಗ ಕುದಿಯಾಕತ್ತೈತಿ, ತಗದ್ರ ಮಾರಿಗೆ ಹಾರತೈತಿ," ಎಂದು ಅವ್ವ ಅಡ್ಡ ನಿಂತಳು.

"ಅಲ್ಲೆ ಆರತಿ ತಟ್ಟಿ ಹಿಡಕೊಂಡು ಕಾಯಾಕತ್ತಾರ, ವೈನಿ," ಎಂದು ಕಾಕಾ ಅತ್ತಿಗೆಯನ್ನು ಅವಸರಪಡಿಸಿದ.

"ಕಾಯಲಿ."

ಮಾವಿನ ಮರದ ಕೆಳಗೆ ಎಲ್ಲರೂ ಮುಖ ಗಂಟಿಕ್ಕಿಕೊಂಡು ಕೂತೆವು. ಇಂಜಿನ್ ಪೂರ್ತಿ ಆರಿದ ಮೇಲೆ ಅವ್ವ ಮುಚ್ಚಳ ತಿರುಗಿಸಿದಳು. ಅವಳೇ ಹಾಕಿಸಿದ್ದ ಹಸಿರು ಕೂಲಂಟ್ ಇರಬೇಕಾದಲ್ಲಿ ಚಹಾದ ಬಣ್ಣದ ತುಕ್ಕುನೀರು ಇತ್ತು, ರೇಡಿಯೇಟರಿನ ಬಾಯಿಗೆ ಬಿಳಿಯ ಉಪ್ಪು ಕಟ್ಟಿತ್ತು. ಅವಳು ಒಂದು ಸಲ ಅಜ್ಜನ ಕಡೆ ನೋಡಿ, "ನಾನ ನೋಡಿಲ್ಲ, ನಂದ ತಪ್ಪು," ಎಂದಳು.

ಕುಬಸ ತಪ್ಪಿತು, ನೀರು ತುಂಬಿಸಿಕೊಂಡು ಮೆಲ್ಲಗೆ ಮನೆಗೆ ಮರಳಿದೆವು. ಸಂಜೆ ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಕಾಕಾ, "ಸಾಲ್ಯಾಗ ಪಾಠ ಹೇಳೂದು ಬ್ಯಾರೆ, ಗಾಡಿ ಸಂಭಾಳಸೂದು ಬ್ಯಾರೆ. ಮಾರಿಬಿಡೂಣು," ಎಂದ. ಅಪ್ಪ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಅವ್ವನ ಮುಖ ಸಣ್ಣದಾಗಿದ್ದನ್ನು ನಾನು ಅಂದೇ ಮೊದಲು ಕಂಡದ್ದು. ಕಾರು ಹೋದರೆ ಅವಳ ಭಾನುವಾರಗಳೂ ಹೋದಂತೆಯೇ.

ಆಗ ಮೂಲೆಯ ಕಂಬಳಿಯ ಮೇಲಿಂದ ಅಜ್ಜ ಎದ್ದು ನಿಂತ. ಮಾವನಾದವನು ಸೊಸೆಯ ಎದುರು ತಲೆ ತಗ್ಗಿಸಿದ್ದನ್ನು ನಮ್ಮ ಬಳಗದಲ್ಲಿ ಯಾರೂ ಕಂಡಿರಲಿಕ್ಕಿಲ್ಲ.

"ಅಕಿದೇನೂ ತಪ್ಪಿಲ್ಲ. ನೀರ ಹಾಕಿದಾಂವ ನಾನು," ಎಂದ. "ಒಳಗ ಹಸರ ನೀರ ಕಂಡ್ನಿ. ಪಾಚಿಗಟ್ಟಿದ ನೀರ ಯಾವ ಎತ್ತು ಕುಡೀತೈತಿ? ದಿನಾ ಬೋರಿನ ನೀರ ಹಾಕಿ ಅದನ್ನ ಹೊರಗ ಹರಿಸೀನಿ. ಅಕಿಗೆ ಮುಚ್ಚಳ ತಗದ ಕೂಡ್ಲೇ ಗೊತ್ತಾಗಿತ್ತು. ನನ್ನ ಮಾನ ಉಳಿಸಾಕ ಸುಮ್ಮನಾದಳು."

ಅವ್ವ ಎದ್ದು ಅಜ್ಜನನ್ನು ಬಚ್ಚಲಿಗೆ ಕರೆದೊಯ್ದು ನೀರೊಲೆಯ ಹಂಡೆಯ ಒಳಗೆ ಕೈಯಾಡಿಸಲು ಹೇಳಿದಳು. "ಈ ಬಿಳಿ ಹಕ್ಕಳಿ ಬೋರಿನ ನೀರಿಂದು ನೋಡ್ರಿ. ಗಾಡಿ ಒಳಗ ಸಣ್ಣ ಸಣ್ಣ ನಳ ಇರತಾವ, ಅಲ್ಲೂ ಹಿಂಗ ಕಟ್ಟತೈತಿ. ಕೂಲಂಟ್ ಹಾಕಿದ್ರ ಹಕ್ಕಳಿ ಕಟ್ಟೂದಿಲ್ಲ, ತುಕ್ಕ ಹಿಡಿಯೂದಿಲ್ಲ. ಬರೇ ನೀರಿನಂಗ ಲಗೂ ಕುದಿಯೂದೂ ಇಲ್ಲ. ಅದಕ್ಕ ಬ್ಯಾಟರಿಗೆ ಹಾಕೂವಂಥಾ ಶುದ್ಧ ನೀರನ್ನ ಕೂಡಸಬೇಕು." ಅಜ್ಜ ಹಂಡೆಯ ತಳವನ್ನು ಉಗುರಿನಿಂದ ಕೆರೆದು ನೋಡಿ, "ಖರೇ ಐತಿ," ಎಂದ.

ರೇಡಿಯೇಟರ್ ತೊಳೆಸಿ, ಹೊಸ ಕೂಲಂಟ್ ತುಂಬಿಸಿದ್ದಾಯಿತು. ಅಂದಿನಿಂದ ಅದರ ಕಾವಲು ಅಜ್ಜನದು. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಕೂಲಂಟ್ ಡಬ್ಬಿಯ ಗೆರೆಗೆ ಕಣ್ಣಿಟ್ಟು ನೋಡುತ್ತಿದ್ದ. ಹನಿ ಕೆಳಗೆ ಬಿದ್ದರೆ, ಸಿಹಿಯೆಂದು ನಾಯಿ ಆ ವಿಷ ನೆಕ್ಕಿ ಸತ್ತೀತೆಂದು ಮಣ್ಣು ಹಾಕಿ ಬಳಿದು ತೆಗೆಯುತ್ತಿದ್ದ. ಓಣಿಯವರ ಗಾಡಿಗಳನ್ನೂ ಬಿಡಲಿಲ್ಲ. "ಬೋರಿನ ನೀರ ಹಾಕಬ್ಯಾಡ್ರಿ, ನಮ್ಮ ಸೊಸಿ ಹೇಳ್ಯಾಳ," ಎನ್ನುವಾಗ ಅವನ ಎದೆ ಒಂದು ಗೇಣು ಉಬ್ಬುತ್ತಿತ್ತು. ನನ್ನದೂ ಉಬ್ಬುತ್ತಿತ್ತು.

ಅಜ್ಜ ತೀರಿಹೋದ ಮರುವರ್ಷ ಕಾರು ಮಾರಿದೆವು. ಕೊಳ್ಳಲು ಬಂದವರು ರೇಡಿಯೇಟರಿನ ಮುಚ್ಚಳ ತೆಗೆದು ಟಾರ್ಚು ಹಚ್ಚಿ ನೋಡಿದರು. "ಇಷ್ಟ ಹಳೇ ಗಾಡಿ, ಒಂದೀಟೂ ತುಕ್ಕಿಲ್ಲಲ್ರಿ. ಯಾರು ನೋಡ್ಕೊಂಡಾರ ಇದನ್ನ?"

"ನಮ್ಮ ಮಾವಾರ್ರಿ," ಎಂದಳು ಅವ್ವ.

"ಹಂಗಾದ್ರ ಅವರನ್ನ ಒಂದೀಟ ಕರೀರಿ. ಕೇಳೂದೈತಿ."

ಅವ್ವ ಸೆರಗಿನಿಂದ ಬಾನೆಟ್ಟು ಒರೆಸಿದಳು. ಬಾಗಿಲಲ್ಲಿದ್ದ ಕಾಕಾ ಅಂಗಳಕ್ಕೆ ಇಳಿದು ಬಂದ.

"ಅವರಿಲ್ರಿ ಈಗ," ಎಂದ. "ನಮ್ಮ ವೈನಿನ್ನ ಕೇಳ್ರಿ. ಅಪ್ಪಗ ಕಲಿಸಿದಾವರು ಅವರೇ."